ಒಣಹೊಳೆಯ ಮರಳು ಓದುತ್ತಿದ್ದವರು

ಅವರು ಕಲ್ಲಿನ ಪುಡಿಯನ್ನು ಬಾಯಿಗೆ ಹಾಕಿಕೊಂಡು ಮುಂದಿನ ಹಲ್ಲುಗಳ ನಡುವೆ ಮೆಲ್ಲಗೆ ಅರೆಯುವುದನ್ನು ಮೊದಲ ಸಲ ಕಂಡಾಗ, ಈ ಮನುಷ್ಯನಿಗೆ ಮನೆಯಲ್ಲಿ ಸರಿಯಾಗಿ ಊಟ ಹಾಕುವುದಿಲ್ಲವೇನೋ ಅಂದುಕೊಂಡಿದ್ದೆ. ನಾನು ಆಗಷ್ಟೇ ಊರಿನಿಂದ ಬಂದು ಸೌದಿಯ ದಮ್ಮಾಮಿನ ಹೊರಗಿನ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸಕ್ಕೆ ಸೇರಿದ್ದೆ. ಅವರು ಅಲ್ಲಿನ ಭೂವಿಜ್ಞಾನಿ. ನನ್ನ ಮುಖ ನೋಡಿ ನಕ್ಕರು. ಯಾವ ಊರು ಅಂತ ಇಂಗ್ಲಿಷಿನಲ್ಲಿ ಕೇಳಿದರು. ಬಂಟ್ವಾಳ ಅಂದೆ. ಆ ಕ್ಷಣವೇ ಕನ್ನಡಕ್ಕೆ ಹೊರಳಿದರು.

"ಬಂಟ್ವಾಳದ ಬ್ಯಾರಿಯಾ? ಬಾ ಮಾರಾಯ ಇಲ್ಲಿ. ಕೈ ಚಾಚು."

ಒಂದು ಚಿಟಿಕೆ ಬೂದುಬಣ್ಣದ ಪುಡಿ ಅಂಗೈಗೆ ಬಿತ್ತು. ತಿನ್ನು ಅಂದರು. ತಿಂದೆ.

"ಹಲ್ಲಿಗೆ ಕರಕರ ಅಂತದಾ?"

"ಅಂತದೆ ಸರ್."

"ಹಾಗಾದರೆ ಅದು ಹೂಳು. ಬೆಣ್ಣೆಯ ಹಾಗೆ ಜಾರಿದ್ದರೆ ಜೇಡಿ. ಇವತ್ತಿಗೆ ಇಷ್ಟು ಪಾಠ ಸಾಕು, ಹೋಗಿ ಬಾಯಿ ತೊಳ್ಕೊ."

ಮೂರು ತಿಂಗಳ ಹಿಂದೆ ಅವರು ತೀರಿಕೊಂಡರು. ಉಡುಪಿಯ ಹತ್ತಿರದ ಅವರ ಮನೆಯಲ್ಲಿ, ನಿದ್ದೆಯಲ್ಲಿಯೇ ಹೋದರಂತೆ. ಸುದ್ದಿ ನನ್ನ ಮೊಬೈಲಿಗೆ ಬಂದಾಗ ನಾನು ಅದೇ ಗೋದಾಮಿನಲ್ಲಿದ್ದೆ, ಅದೇ ಉದ್ದ ಮೇಜಿನ ಮುಂದೆ, ಕೈಯಲ್ಲೊಂದು ಪೆಟ್ಟಿಗೆಯ ಮುಚ್ಚಳ ಹಿಡಿದುಕೊಂಡು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವ ಹಕ್ಕು ನನಗಿದೆ ಅನ್ನಿಸುವುದಿಲ್ಲ. ಉಳಿದವರು ಅವರನ್ನು ಡಾಕ್ಟ್ರು ಅನ್ನುತ್ತಿದ್ದರು, ನಾನು ಸರ್ ಅನ್ನುತ್ತಿದ್ದೆ.

ನಮ್ಮದು ಎಣ್ಣೆ ಕಂಪನಿಗಳಿಗೆ ಕಲ್ಲು ಪರೀಕ್ಷೆ ಮಾಡಿಕೊಡುವ ಸಣ್ಣ ಸಂಸ್ಥೆ. ಬಾವಿ ಕೊರೆಯುವಾಗ ಟೊಳ್ಳು ಕೊಳವೆ ಇಳಿಸಿ ಎರಡು ಮೂರು ಮೈಲಿ ಆಳದಿಂದ ತೋಳಿನಷ್ಟು ದಪ್ಪದ ಕಲ್ಲಿನ ಕಂಬ ತೆಗೆಯುತ್ತಾರೆ. ಅದಕ್ಕೆ ಕೋರ್ ಅನ್ನುತ್ತಾರೆ. ಅದನ್ನು ಮೂರು ಮೂರು ಅಡಿಯ ತುಂಡು ಮಾಡಿ, ಉದ್ದಕ್ಕೆ ಸೀಳಿ, ಪೆಟ್ಟಿಗೆಯಲ್ಲಿ ಮಲಗಿಸಿ, ಮೇಲ್ಮುಖ ಯಾವುದು ಅಂತ ಬಾಣದ ಗುರುತು ಹಾಕಿ ಇಡುವುದು ನಮ್ಮ ಕೆಲಸ. ಓದುವುದು ಸರ್ ಕೆಲಸ. ಓದುವುದು ಅನ್ನುವ ಮಾತನ್ನು ಬಳಸುತ್ತಿದ್ದದ್ದೂ ಅವರೇ. ಪ್ಯಾಂಟನ್ನು ಮೊಣಕಾಲಿನ ಹತ್ತಿರ ಒಂದಿಷ್ಟು ಮೇಲೆಳೆದುಕೊಂಡು, ನೆಲಕ್ಕೆ ಮಂಡಿಯೂರಿ, ನೀರು ಚಿಮುಕಿಸಿ, ಕುತ್ತಿಗೆಯ ದಾರದಲ್ಲಿ ನೇತಾಡುವ ಭೂತಗನ್ನಡಿಯನ್ನು ಕಣ್ಣಿಗೆ ಹಚ್ಚುತ್ತಿದ್ದರು. ಅದೇ ದಾರದಲ್ಲಿ ಒಂದು ಸಣ್ಣ ಶಿಲುಬೆ ಇತ್ತು, ಅಂಗಿಯ ಒಳಗೆ. ಬಗ್ಗಿದಾಗ ಅದು ಹೊರಗೆ ಜಾರಿ ಕಲ್ಲಿಗೆ ಟಕ್ ಅನ್ನುತ್ತಿತ್ತು. ಅವರು ಸುತ್ತ ನೋಡಿ ಒಳಗೆ ಹಾಕಿಕೊಳ್ಳುತ್ತಿದ್ದರು.

ರಂಜಾನ್ ತಿಂಗಳಲ್ಲಿ ಅವರು ನಮ್ಮೆದುರು ಒಂದು ಗುಟುಕು ನೀರು ಕುಡಿದದ್ದನ್ನು ನಾನು ಕಂಡಿಲ್ಲ. ಸಕ್ಕರೆ ಕಾಯಿಲೆ ಇತ್ತು, ಕುಡಿಯದೆ ಇರುವ ಹಾಗೂ ಇರಲಿಲ್ಲ. ಕಪಾಟುಗಳ ಹಿಂದೆ ಹೋಗಿ, ಗೋಡೆಗೆ ಮುಖ ಮಾಡಿ, ಕದ್ದು ಕುಡಿಯುವವರ ಹಾಗೆ ಕುಡಿದು ಬರುತ್ತಿದ್ದರು. ನಮಗೇನೂ ತೊಂದರೆಯಿಲ್ಲ ಅಂತ ನಾನು ಒಮ್ಮೆ ಹೇಳಿದೆ. "ನನಗೆ ತೊಂದರೆ ಉಂಟಲ್ಲ ಮಾರಾಯ" ಅಂದರು.

ಸಿಟ್ಟೂ ಇತ್ತು. ಯಾರಾದರೂ "ಈಗಲೂ ಮರುಭೂಮಿ, ಆಗಲೂ ಮರುಭೂಮಿ, ಮರಳು ಇರದೆ ಇನ್ನೇನಿರುತ್ತದೆ" ಅಂದರೆ ಮುಗಿಯಿತು. ರಿಯಾದಿನಿಂದ ಬಂದ ದೊಡ್ಡ ಅಧಿಕಾರಿಯೊಬ್ಬರು ಹಾಗೆ ಅಂದಾಗ ಅವರನ್ನು ಕೈಹಿಡಿದು ಗೋದಾಮಿನ ಕೊನೆಯ ಸಾಲಿಗೆ ಎಳೆದುಕೊಂಡು ಹೋದರು. ಅಲ್ಲಿದ್ದ ಒಂದು ಕಲ್ಲಿನೊಳಗೆ ಮುಷ್ಟಿಗಾತ್ರದ ಉಂಡೆಗಲ್ಲೊಂದು ಹುದುಗಿತ್ತು, ಅದರ ಮೈಮೇಲೆ ಉಗುರಿನಿಂದ ಗೀರಿದಂಥ ಗೆರೆಗಳು. "ಇದನ್ನು ಗೀರಿದ್ದು ಮಂಜುಗಡ್ಡೆ. ಮೂವತ್ತು ಕೋಟಿ ವರ್ಷದ ಹಿಂದೆ ಈ ನೆಲ ದಕ್ಷಿಣ ಧ್ರುವದ ಹತ್ತಿರ ಇತ್ತು. ನಾವೀಗ ನಿಂತ ಜಾಗದಲ್ಲಿ ನಿಮಗೆ ಕೋಟು ಬೇಕಾಗ್ತಿತ್ತು." ಅಧಿಕಾರಿ ಮುಖ ಗಂಟಿಕ್ಕಿಕೊಂಡು ಹೋದರು. ಸರ್ ಮಾತ್ರ ಆ ಇಡೀ ದಿನ ಖುಷಿಯಾಗಿದ್ದರು.

ನನಗೆ ಅವರು ಕಲಿಸಿದ್ದು ಇಷ್ಟು. ಮೊದಲು ಇಲ್ಲಿ ಹಿಮ ಇತ್ತು. ಅದು ಕರಗಿತು, ಕರಗಿದ ನೀರು ಬೆಟ್ಟಗಳನ್ನು ಸವೆಸಿ ಮರಳು ಹೊತ್ತು ತಂದಿತು. ನೆಲ ನಿಧಾನಕ್ಕೆ ಬೆಚ್ಚಗಿನ ಕಡೆಗೆ ಸರಿದು ಒಣಗಿತು. ಆಮೇಲೆ ಎರಡೇ ಕೆಲಸಗಾರರು, ಗಾಳಿ ಮತ್ತು ಪ್ರವಾಹ. ಗಾಳಿ ತಂದ ಮರಳಿನ ಕಾಳುಗಳು ಜರಡಿ ಹಿಡಿದ ರವೆಯ ಹಾಗೆ ಒಂದೇ ಗಾತ್ರ, ಉರುಟು; ದಿಬ್ಬದ ಇಳಿಜಾರಿನಲ್ಲಿ ಓರೆಯಾಗಿ ಪದರ ಪದರ ಕೂರುತ್ತವೆ. ಪ್ರವಾಹದ್ದು ಹಾಗಲ್ಲ. ವರ್ಷಗಟ್ಟಲೆ ಒಣಗಿ ಬಿದ್ದಿರುವ ಹೊಳೆಯಲ್ಲಿ ಒಂದು ಮಧ್ಯಾಹ್ನ ನೀರು ನುಗ್ಗುತ್ತದೆ, ಕೆಳಗಿನ ನೆಲವನ್ನೇ ಕೆತ್ತುತ್ತದೆ. ರಭಸ ಸೋಲುವಾಗ ಮೊದಲು ಕಲ್ಲು ಬಿಡುತ್ತದೆ, ಆಮೇಲೆ ದಪ್ಪ ಮರಳು, ಆಮೇಲೆ ಸಣ್ಣ ಮರಳು, ಕೊನೆಗೆ ಕೆಸರು. ಕೆಸರು ಬಿಸಿಲಿಗೆ ಒಡೆದು ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ. ಮುಂದಿನ ಪ್ರವಾಹ ಆ ಹಪ್ಪಳಗಳನ್ನೇ ಮುರಿದು ತನ್ನ ಮರಳಿನೊಳಗೆ ಹೂತುಹಾಕುತ್ತದೆ. ಮೂರು ಮೈಲಿ ಆಳದ ಕಲ್ಲಿನಲ್ಲಿ ಆ ಮುರುಕು ಹಪ್ಪಳಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ಎಣ್ಣೆ ಎಲ್ಲಿರುತ್ತದೆ ಅಂತ ಕೇಳಿದ್ದು ನನ್ನ ತಮ್ಮ ರಫೀಕ್, ರಜೆಯಲ್ಲಿ ನನ್ನನ್ನು ನೋಡಲು ಬಂದಿದ್ದಾಗ. ನೆಲದೊಳಗೆ ದೊಡ್ಡ ಕೆರೆಯ ಹಾಗೆ ಇರುತ್ತದೆ ಅಂತಲೇ ಅವನೂ ನಂಬಿದ್ದ. ಸರ್ ಚಹಾದ ತಟ್ಟೆಯಿಂದ ಒಂದು ಸಕ್ಕರೆ ಗಟ್ಟಿ ತೆಗೆದು ಅದರ ಮೂಲೆಯನ್ನು ಚಹಾಕ್ಕೆ ತಾಗಿಸಿದರು. ಕಂದು ಬಣ್ಣ ಸರ್ರನೆ ಮೇಲೇರಿತು. "ಕಾಳು ಕಾಳಿನ ನಡುವೆ. ಗೊತ್ತಾಯ್ತಾ? ಗಾಳಿಯ ಮರಳಿನಲ್ಲಿ ಸಂದು ಜಾಸ್ತಿ, ಕೆಸರು ಸೇರಿದ ಪ್ರವಾಹದ ಮರಳಿನಲ್ಲಿ ಕಡಿಮೆ. ಅದಕ್ಕೇ ಯಾವುದು ಯಾವುದು ಅಂತ ನಾನು ತಲೆ ಕೆಡಿಸಿಕೊಳ್ಳುವುದು." ರಫೀಕ್ ಆ ಸಕ್ಕರೆ ಗಟ್ಟಿಯನ್ನು ಅವರ ಕೈಯಿಂದ ತೆಗೆದು ಬಾಯಿಗೆ ಹಾಕಿಕೊಂಡ. "ನಿಮಗೆ ಸಕ್ಕರೆ ಆಗುವುದಿಲ್ಲ ಸರ್. ಎಣ್ಣೆ ನನಗಿರಲಿ."

ಅವರಿಬ್ಬರ ಸ್ನೇಹ ಹಾಗೆ ಶುರುವಾಯಿತು. ರಫೀಕ್ ಆಗ ಮಕ್ಕಾದ ಒಂದು ಹೋಟೆಲಿನಲ್ಲಿ ಯಾತ್ರಿಕರ ವ್ಯಾನು ಓಡಿಸುತ್ತಿದ್ದ. ಸರ್‌ಗೆ ಹೊರಗೆ ಸುತ್ತಾಡಲು ಒಳ್ಳೆಯ ಡ್ರೈವರ್ ಬೇಕಾಗಿದ್ದ. ಕೇಳಿದ್ದು ನಾನೇ. ಕಫೀಲ್, ಅಂದರೆ ವೀಸಾಕ್ಕೆ ಹೊಣೆಯಾಗುವ ಧಣಿಯನ್ನು, ಬದಲಾಯಿಸುವ ಕಾಗದಕ್ಕೆ ಓಡಾಡಿದ್ದೂ ನಾನೇ. ಇದನ್ನು ಬರೆಯಲೇಬೇಕು.

ವರ್ಷಕ್ಕೆ ಎರಡು ಮೂರು ಸಲ ಅವರಿಬ್ಬರೂ ಸೌದಿಯ ನೈಋತ್ಯ ಮೂಲೆಯ ಖಮೀಸ್ ಮುಶೈತ್ ಕಡೆ ಹೋಗುತ್ತಿದ್ದರು. ಇಲ್ಲಿ ಮೈಲಿಗಟ್ಟಲೆ ಆಳದಲ್ಲಿರುವ ಮರಳುಗಲ್ಲು ಅಲ್ಲಿ ಬೆಟ್ಟ ಇಳಿದು ಪೂರ್ವಕ್ಕೆ ಹೋದರೆ ನೆಲದ ಮೇಲೆಯೇ ಸಿಗುತ್ತದೆ, ಗೋಡೆಯ ಹಾಗೆ ಎದ್ದು ನಿಂತಿರುತ್ತದೆ. ಬಾವಿಯಲ್ಲಿ ತೋಳಿನಷ್ಟು ದಪ್ಪಕ್ಕೆ ಕಾಣುವುದು ಅಲ್ಲಿ ಅರ್ಧ ಮೈಲಿ ಅಗಲಕ್ಕೆ ಕಾಣುತ್ತದೆ. ರಫೀಕ್ ಫೋನ್ ಮಾಡಿ ನನಗೆ ಹೊಟ್ಟೆಕಿಚ್ಚು ಹುಟ್ಟಿಸುತ್ತಿದ್ದ. "ನೀನು ತುಂಡು ನೋಡ್ತಿ, ನಾನು ಇಡೀ ಹೊಳೆ ನೋಡ್ತೇನೆ." ಇಬ್ಬರಿಗೂ ದಾರಿಯುದ್ದಕ್ಕೂ ಮೀನಿನ ಸಾರಿನ ಜಗಳ. ಹುಳಿಗೆ ಕೋಕಂ ಹಾಕಬೇಕೋ ಹುಣಸೆಯೋ ಅನ್ನುವ ಮಾತು ದಮ್ಮಾಮಿನಲ್ಲಿ ಶುರುವಾದರೆ ಖಮೀಸಿನಲ್ಲೂ ಮುಗಿಯುತ್ತಿರಲಿಲ್ಲವಂತೆ. ಮದುವೆಯಾಗು ಮಾರಾಯ ಅಂತ ಸರ್ ಅವನನ್ನು ಕಾಡುತ್ತಿದ್ದರು. ಮೂವತ್ಮೂರು ಆಗಿತ್ತು ಅವನಿಗೆ. ಅಣ್ಣನ ಅಡುಗೆ ತಿಂದು ಅಭ್ಯಾಸ ಆಗಿದೆ, ಹೆಂಡತಿ ಒಳ್ಳೆಯ ಅಡುಗೆ ಮಾಡಿದರೆ ಹೊಟ್ಟೆ ಕೆಟ್ಟೀತು ಅನ್ನುತ್ತಿದ್ದ.

ಹೊರಡುವ ಮೊದಲು ಸರ್ ಡ್ರೈವರುಗಳನ್ನು ಸಾಲಾಗಿ ನಿಲ್ಲಿಸಿ ಒಂದೇ ಮಾತು ಹೇಳುತ್ತಿದ್ದರು. ಒಣಹೊಳೆಯಲ್ಲಿ ಗಾಡಿ ನಿಲ್ಲಿಸಬಾರದು. ಊಟಕ್ಕೂ ಇಲ್ಲ, ನಮಾಜಿಗೂ ಇಲ್ಲ, ಟಯರು ಹೋದರೂ ಇಲ್ಲ. ಮಳೆ ಬೀಳುವುದು ಮೇಲೆ ಬೆಟ್ಟದಲ್ಲಿ. ಕೆಳಗಿರುವವನಿಗೆ ನೀಲಿ ಆಕಾಶವೇ ಕಾಣುತ್ತದೆ.

ಏಳು ವರ್ಷದ ಹಿಂದೆ ಒಂದು ಗುರುವಾರ ಅವರೇ ನಿಲ್ಲಿಸಿದರು.

ಅವತ್ತು ನಡೆದದ್ದರಲ್ಲಿ ಅರ್ಧ ಅವರೇ ಹೇಳಿದ್ದು, ಉಳಿದದ್ದು ಹಿಂದಿನ ಗಾಡಿಯ ಪೇಶಾವರದ ಡ್ರೈವರ್ ಹೇಳಿದ್ದು. ಒಣಹೊಳೆಯ ತಿರುವಿನಲ್ಲಿ ದಡ ಕುಸಿದು ಹೊಸ ಗೋಡೆ ಬಿದ್ದಿತ್ತು. ಕೆಳಗೆ ಹಳೆಯ ಕಲ್ಲು, ಕೋಟಿಗಟ್ಟಲೆ ವರ್ಷದ ಹಿಂದಿನ ಪ್ರವಾಹದ್ದು. ಅದರ ಮೇಲೆಯೇ ಮೊನ್ನೆ ಮೊನ್ನೆಯ ಪ್ರವಾಹದ ಹಸಿ ಮರಳು. ಎರಡರಲ್ಲೂ ಅದೇ ಕೆತ್ತು, ಅದೇ ಪದರ, ಅದೇ ಮುರುಕು ಹಪ್ಪಳ. ಎರಡೂ ಒಂದೇ ಫೋಟೋದಲ್ಲಿ ಸಿಗುವಂಥ ಜಾಗವನ್ನು ಅವರು ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದರು. ಮೂರು ಗಂಟೆಯ ಓರೆ ಬಿಸಿಲು ನೇರ ಅದರ ಮೇಲೆ ಬಿದ್ದಿತ್ತು.

ನಿಲ್ಲಿಸು ಅಂದರು. ಬೇಡ ಸರ್, ಮೇಲೆ ನಿಲ್ಲಿಸಿ ನಡೆದು ಬರುವ ಅಂದ ರಫೀಕ್. ಬಿಸಿಲು ಹೋಗ್ತದೆ ಮಾರಾಯ, ಹತ್ತು ನಿಮಿಷ ಅಂದರು. ಬೇಡ ಸರ್ ಅಂತ ಅವನು ಇನ್ನೊಮ್ಮೆ ಅಂದ. ಆಮೇಲೆ ನಿಲ್ಲಿಸಿದ. ಪೇಶಾವರದವನು ಮಾತ್ರ ಇಳಿಯಲಿಲ್ಲ, ತನ್ನ ಗಾಡಿಯನ್ನು ದಡದ ಮೇಲೆಯೇ ಬಿಟ್ಟುಕೊಂಡಿದ್ದ.

ಸರ್ ಕ್ಯಾಮರಾ ಹಿಡಿದು ಗೋಡೆಗೆ ಎದುರಾದ ದಡ ಹತ್ತಿದರು, ಹಿಂದಿನ ಗಾಡಿ ನಿಂತಿದ್ದ ಕಡೆಯದೇ. ರಫೀಕ್ ಎಂಜಿನ್ ಆರಿಸದೆ ಒಳಗೇ ಕೂತಿದ್ದ. ಮೊದಲು ಲಾರಿ ಬಂದ ಹಾಗೆ ಒಂದು ಸದ್ದು ಕೇಳಿತಂತೆ. ತಿರುವಿನಾಚೆಯಿಂದ ನೀರಿಗಿಂತ ಮುಂಚೆ ಕಸ, ಮುಳ್ಳು, ಕೊಂಬೆಗಳ ರಾಶಿ ಉರುಳಿ ಬಂತು. ಅವನು ಗಾಡಿಯನ್ನು ಹಿಂದಕ್ಕೆ ಹೊಡೆದ. ಹಿಂದಿನ ಚಕ್ರ ಮರಳಿನಲ್ಲಿ ಹೂತಿತು. ಸರ್ ದಡದಿಂದ ಗಾಡಿಯ ಕಡೆಗೆ ಜಾರಿಕೊಂಡು ಇಳಿದರು, ಬಲಗೈ ಮುರಿಯಿತು. ಪೇಶಾವರದವನು ಸುತ್ತಿ ಓಡಿ ಬಂದು ಅಂಗಿ ಹಿಡಿದು ಎಳೆಯದಿದ್ದರೆ ಅವರೂ ಹೋಗುತ್ತಿದ್ದರು.

ನಾನು ಮರುದಿನ ಬೆಳಿಗ್ಗೆ ವಿಮಾನ ಹಿಡಿದು ಅಬಹಾಕ್ಕೆ ಬಂದು ಅಲ್ಲಿಂದ ಖಮೀಸಿಗೆ ಹೋದೆ. ಆಸ್ಪತ್ರೆಯಲ್ಲಿ ಕಾಯಿ ಅಂದರು. ಎರಡು ದಿನ ಕಾದೆ. ಶನಿವಾರ ಸಂಜೆ ಅವನನ್ನು ತಂದರು.

ಶವ ತೊಳೆಯುವಾಗ ನಾನಿದ್ದೆ. ನೀರು ಎಷ್ಟು ಹೊಯ್ದರೂ ಕೆಂಪಗೆ ಹರಿಯುತ್ತಿತ್ತು. ಕಿವಿಯಲ್ಲಿ, ಕೂದಲಿನ ಬುಡದಲ್ಲಿ, ಉಗುರಿನ ಸಂದಿಯಲ್ಲಿ ಸಣ್ಣ ಮರಳು. ತೊಳೆಯುತ್ತಿದ್ದ ಮುದುಕ ಸಾಕು ಮಗನೇ ಅಂದ. ನಾನು ಇನ್ನೂ ಸ್ವಲ್ಪ ಅಂದೆ. ಅಲ್ಲಿಯೇ ಮಣ್ಣು ಮಾಡಿದೆವು.

ಅದಕ್ಕೂ ಮೊದಲು, ಆಸ್ಪತ್ರೆಯ ಮೊಗಸಾಲೆಯಲ್ಲಿ ಸರ್ ನನ್ನ ಹತ್ತಿರ ಬಂದಿದ್ದರು. ಕೈಗೆ ಬ್ಯಾಂಡೇಜು, ಅಂಗಿಯ ತುಂಬ ಕೆಸರು, ಎರಡು ದಿನದಿಂದ ಬದಲಾಯಿಸಿದ ಹಾಗಿರಲಿಲ್ಲ. ನರ್ಸ್ ಒಬ್ಬಳು ಕುರ್ಚಿ ತಂದಿಟ್ಟಳು, ಅವರು ಕೂರಲಿಲ್ಲ.

"ನಾನು ನಿಲ್ಲಿಸು ಅಂದೆ" ಅಂದರು. "ಅವನು ಬೇಡ ಅಂದ. ಎರಡು ಸಲ ಬೇಡ ಅಂದ. ಬೇರೆ ಯಾರಿಂದಲೋ ನಿನಗೆ ಗೊತ್ತಾಗಬಾರದು."

ಅವರ ಮುಖ ನೋಡಿದೆ, ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತೆ. ಹಿಂದಿರುಗಿ ನೋಡಿದಾಗ ಅವರು ಅಲ್ಲೇ ನಿಂತಿದ್ದರು. ಮತ್ತೆ ಕಿಟಕಿಯ ಕಡೆ ತಿರುಗಿದೆ.

ದಮ್ಮಾಮಿಗೆ ಬಂದ ಮೇಲೆ ಆಫೀಸಿನ ಮಲಯಾಳಿ ಗುಮಾಸ್ತ ನನ್ನನ್ನು ಬಾಗಿಲ ಹಿಂದಕ್ಕೆ ಕರೆದು ಎರಡು ಕಾಗದ ತೋರಿಸಿದ. ಒಂದು ಆಫೀಸಿನವರು ಬರೆದು ಸಿದ್ಧಮಾಡಿದ್ದು: ನಿಯಮ ಮೀರಿ ಒಣಹೊಳೆಯಲ್ಲಿ ವಾಹನ ನಿಲ್ಲಿಸಿದ್ದು ಚಾಲಕನ ತಪ್ಪು. ಕೆಳಗೆ ಸರ್ ಸಹಿ ಹಾಕಬೇಕಾದ ಜಾಗ ಖಾಲಿ ಇತ್ತು. ಇನ್ನೊಂದು ಸರ್ ಎಡಗೈಯಲ್ಲಿ ಬರೆದದ್ದು, ಮಗ್ಗಿ ಬರೆಯುವ ಮಗುವಿನ ಅಕ್ಷರದ ಹಾಗೆ ಸೊಟ್ಟಗೆ. ಚಾಲಕ ಎರಡು ಸಲ ಬೇಡವೆಂದ. ಆಜ್ಞೆ ನನ್ನದು. ತಪ್ಪು ನನ್ನೊಬ್ಬನದು.

"ಮೊದಲನೆಯದಕ್ಕೆ ಸಹಿ ಹಾಕಿದ್ದರೆ ಅವರಿಗೆ ಏನೂ ಆಗ್ತಿರಲಿಲ್ಲ" ಅಂದ ಗುಮಾಸ್ತ.

ಆಗಬೇಕಾದದ್ದು ಆಯಿತು. ಹೊರಗೆ ಹೋಗುವ ಅನುಮತಿ ಕಿತ್ತುಕೊಂಡರು. ಒಂದು ವರ್ಷ ಉಳಿದಿದ್ದ ಕರಾರು ಮುಗಿಯುವ ತನಕ ಅವರನ್ನು ಗೋದಾಮಿನಲ್ಲಿ ಕೂರಿಸಿದರು. ಎಲ್ಲಿ ಅಂದರೆ ನನ್ನ ಎದುರಿಗೆ, ಅದೇ ಉದ್ದ ಮೇಜಿಗೆ. ಅವರು ಓದುವುದು, ನಾನು ಪೆಟ್ಟಿಗೆ ತರುವುದು.

ಒಂದು ವರ್ಷ. ಕೆಲಸದ ಮಾತು ಬಿಟ್ಟು ನಾನು ಒಂದು ಮಾತಾಡಲಿಲ್ಲ. ಅವರಿಗೆ ಚಹಾ ತಂದಿಡುತ್ತಿದ್ದೆ, ಲೋಟ ಮೇಜಿನ ಮೇಲಿಟ್ಟು ಹೋಗುತ್ತಿದ್ದೆ. ಮೊದಲೆಲ್ಲ ಕನ್ನಡ, ತುಳು, ಬ್ಯಾರಿ ಮೂರೂ ಕಲಸಿ ಮಾತಾಡುತ್ತಿದ್ದವನು ಆಮೇಲೆ ಇಂಗ್ಲಿಷಿನಲ್ಲಿ ಉತ್ತರ ಕೊಡತೊಡಗಿದೆ. ಅದು ಅವರಿಗೆ ತಾಗಲಿ ಅಂತಲೇ ಕೊಡುತ್ತಿದ್ದೆ. ತಾಗುತ್ತಿತ್ತು. ಪ್ರತಿ ಸಲವೂ ಅವರು ತಲೆಯಾಡಿಸುತ್ತಿದ್ದರು, ಸರಿ ಅನ್ನುವ ಹಾಗೆ.

ಆ ವರ್ಷದ ನಡುವಿನಲ್ಲಿ ಪೇಶಾವರದ ಡ್ರೈವರ್ ನನ್ನ ಕೋಣೆಗೆ ಬಂದ. ಅವನು ಊರಿಗೆ ಹೊರಟಿದ್ದ, ಹೋಗುವ ಮೊದಲು ಒಂದು ಮಾತು ಹೇಳಬೇಕು ಅಂದ. ರಫೀಕನನ್ನು ಹುಡುಕಿದ್ದು ಪೊಲೀಸರಲ್ಲ. ಗಾಡಿ ಬಹಳ ಕೆಳಗೆ ಸಿಕ್ಕಿತ್ತು, ಎಲ್ಲರೂ ಅದಕ್ಕಿಂತ ಕೆಳಗೆ ಹುಡುಕುತ್ತಿದ್ದರು. ಸರ್ ಆಸ್ಪತ್ರೆಯಿಂದ ಹೇಳದೆ ಎದ್ದು ಬಂದು, ಹಾಗಲ್ಲ ಅಂತ ಅವರ ಜೊತೆ ಜಗಳ ಮಾಡಿದರಂತೆ. ಗಾಡಿಯನ್ನು ನಡುಹೊಳೆ ಒಯ್ದಿದೆ, ಮನುಷ್ಯನನ್ನು ನೀರು ಅಷ್ಟು ದೂರ ಹಿಡಿದುಕೊಂಡಿರುವುದಿಲ್ಲ, ಹೊಳೆ ಅಗಲವಾಗಿ ನೀರು ಸೋತ ಜಾಗ ನೋಡಿ ಅಂದರಂತೆ. ಯಾರೂ ಕೇಳಲಿಲ್ಲ. ಆಮೇಲೆ ಅವರೊಬ್ಬರೇ ನಡೆದರು. ಮೊದಲ ತಿರುವು, ಎರಡನೆಯದು. ಮೂರನೆಯ ತಿರುವಿನ ಒಳಮಗ್ಗುಲಲ್ಲಿ, ಜಾಲಿ ಗಿಡಗಳ ಹಿಂದೆ, ಪ್ರವಾಹ ಹೊಸದಾಗಿ ಗುಡ್ಡೆ ಹಾಕಿದ ಮರಳು ಇತ್ತು. ಅದರ ಮೇಲೆ ಕೆಸರು ಆಗಲೇ ಒಡೆಯತೊಡಗಿತ್ತು. ಅವರು ಅಲ್ಲಿ ಮಂಡಿಯೂರಿ ಒಂದೇ ಕೈಯಿಂದ ಅಗೆದರು.

"ನಾನು ಸಲಿಕೆ ತರ್ತೇನೆ ಅಂದೆ. ಬೇಡ, ತಾಗೀತು ಅಂದರು" ಅಂದ ಪೇಶಾವರದವನು. ಹಿಂದಿಯಲ್ಲಿ ಹೇಳುತ್ತಾ ಹೇಳುತ್ತಾ ಅಳತೊಡಗಿದ.

ನನಗೂ ಗೊತ್ತಿತ್ತು, ನೀರು ಸೋತಲ್ಲಿ ಏನನ್ನು ಬಿಡುತ್ತದೆ ಅಂತ. ಅವರೇ ಕಲಿಸಿದ್ದರಲ್ಲ.

ಇದು ಗೊತ್ತಾದ ಮೇಲಾದರೂ ನಾನು ಮಾತಾಡಬೇಕಿತ್ತು. ಆಡಲಿಲ್ಲ. ಅವರ ಮೇಲೆ ಸಿಟ್ಟು ಹೋದರೆ ಆಮೇಲೆ ಉಳಿಯುವವನು ನಾನೊಬ್ಬನೇ, ತಮ್ಮನನ್ನು ಮಕ್ಕಾದಿಂದ ಬಿಡಿಸಿ ಈ ಕೆಲಸಕ್ಕೆ ಹಾಕಿದವನು. ಇದನ್ನು ಆಗ ಯೋಚಿಸಿದ್ದೆ ಅಂತ ಹೇಳಲಾರೆ. ಈಗ ಹಾಗೆ ಅನ್ನಿಸುತ್ತದೆ.

ಒಂದು ದಿನ ಹೊಸದಾಗಿ ಸೇರಿದ ಸೌದಿ ಹೆಣ್ಣುಮಕ್ಕಳಿಬ್ಬರು ಪಾಠಕ್ಕೆ ಬಂದಿದ್ದರು, ವಿಶ್ವವಿದ್ಯಾಲಯ ಮುಗಿಸಿ ಬಂದ ಭೂವಿಜ್ಞಾನಿಗಳು. ಸರ್ ಅಭ್ಯಾಸಬಲದಿಂದ ಉತ್ಸಾಹಕ್ಕೆ ಬಂದರು. ಕಲ್ಲಿನ ಮೇಲೆ ನೀರು ಚಿಮುಕಿಸಿ, ನೋಡಿ ಇಲ್ಲಿ ಪ್ರವಾಹ ನೆಲ ಕೆತ್ತಿದೆ, ಇಲ್ಲಿ ಕಲ್ಲು ಬಿಟ್ಟಿದೆ, ಈಗ ನೀರಿನ ಶಕ್ತಿ ಕುಂದುತ್ತಾ ಬಂತು, ಈಗ ಅದು... ಅಂದವರು ನಿಂತುಬಿಟ್ಟರು. ಬೆರಳು ಕಲ್ಲಿನ ಮೇಲೆಯೇ ಇತ್ತು. ಹುಡುಗಿಯರು ಕಾದರು. ಸರ್ ಒಮ್ಮೆ ನನ್ನನ್ನು ನೋಡಿದರು, ಎದ್ದು ಹೊರಗೆ ಹೋದರು. ಬಾಗಿಲಾಚೆ ಬಿಸಿಲಿನಲ್ಲಿ ಬೆನ್ನು ಹಾಕಿ ನಿಂತದ್ದು ಕಾಣುತ್ತಿತ್ತು. ಪಾಠವನ್ನು ನಾನು ಮುಗಿಸಿದೆ. ದಪ್ಪ ಮರಳು, ಸಣ್ಣ ಮರಳು, ಕೊನೆಗೆ ಕೆಸರು. ನನ್ನ ದನಿ ಒಂದಿಷ್ಟೂ ನಡುಗಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಆ ಫೋಟೋ ಏನಾಯಿತೋ ತಿಳಿಯದು. ಕ್ಯಾಮರಾ ಅವರ ಕುತ್ತಿಗೆಯಲ್ಲೇ ಇತ್ತು, ಹಾಳಾಗಿರಲಿಲ್ಲ. ಆ ವರ್ಷದ ವರದಿಯಲ್ಲಿ ಮಾತ್ರ ಅದನ್ನು ನಾನು ನೋಡಲಿಲ್ಲ.

ಅವರು ಊರಿಗೆ ಹೊರಡುವ ಹಿಂದಿನ ದಿನ ಮೇಜು ಒರೆಸಿ, ಬ್ರಷ್ಷು ತೊಳೆದಿಟ್ಟು, ನಾನಿದ್ದಲ್ಲಿಗೆ ಬಂದರು. ಏನೋ ಕೇಳುವುದಕ್ಕೆ ಬಂದವರ ಹಾಗೆ ಎರಡೂ ಕೈ ಮುಂದೆ ಕಟ್ಟಿಕೊಂಡಿದ್ದರು. ಇಪ್ಪತ್ತು ವರ್ಷ ದೊಡ್ಡವರು ನನಗಿಂತ.

"ಒಂದು ಮಾತು ಕೇಳ್ಲಿಕ್ಕುಂಟು" ಅಂದರು. "ಊರಿಗೆ ಹೋದ ಮೇಲೆ ನಿಮ್ಮ ಉಮ್ಮನನ್ನು ಒಮ್ಮೆ ನೋಡಿ ಬರ್ಲಾ? ಬಾಗಿಲಲ್ಲೇ ನಿಂತು ಬರ್ತೇನೆ ಬೇಕಾದರೆ."

"ಬೇಡ ಸರ್" ಅಂದೆ.

ಆ ಇಡೀ ವರ್ಷದಲ್ಲಿ ನಾನು ಅವರಿಗೆ ಕನ್ನಡದಲ್ಲಿ ಹೇಳಿದ ಒಂದೇ ಮಾತು ಅದು. "ಆಯ್ತು" ಅಂದರು. ಹೋದರು.

ಉಮ್ಮನ ವಿಷಯ ಹೇಳಬೇಕು. ರಫೀಕ್ ಹೋದ ಸುದ್ದಿಯನ್ನು ಫೋನಿನಲ್ಲಿ ಹೇಳಿದವನು ನಾನೇ. ಅವಳು ಅತ್ತದ್ದಕ್ಕಿಂತ ಕೇಳಿದ್ದು ಹೆಚ್ಚು. ಎಲ್ಲಿ ಮಲಗಿಸಿದ್ರಿ, ಯಾರು ತೊಳೆದದ್ದು, ಎಷ್ಟು ಜನ ಬಂದಿದ್ದರು. ಎಲ್ಲಕ್ಕೂ ಉತ್ತರ ಕೊಟ್ಟೆ. ಒಂದಕ್ಕೆ ಕೊಡಲಾಗಲಿಲ್ಲ. "ಆ ದಿನ ಮಧ್ಯಾಹ್ನ ಅವನು ಉಂಡಿದ್ದನಾ?" ಮೂರು ಗಂಟೆಗೆ ನೀರು ಬಂದದ್ದು. ಹೊರಗೆ ಕೆಲಸದಲ್ಲಿದ್ದಾಗ ಅವರ ಊಟ ಒಮ್ಮೊಮ್ಮೆ ಒಂದಕ್ಕೆ, ಒಮ್ಮೊಮ್ಮೆ ನಾಲ್ಕಕ್ಕೆ. ಉಂಡಿರಬಹುದು ಉಮ್ಮ ಅಂದೆ. ಇರಬಹುದು ಅನ್ನುವುದು ಅವಳಿಗೆ ಸಾಕಾಗಲಿಲ್ಲ.

ರಜೆಯಲ್ಲಿ ಹೋದಾಗಲೆಲ್ಲ ಕೇಳುತ್ತಿದ್ದಳು. ಅವನನ್ನು ಮರಳಿನಿಂದ ತೆಗೆದವರು ಯಾರೆಂದು ನಾನು ಒಮ್ಮೆ ಬಾಯಿತಪ್ಪಿ ಹೇಳಿದ ಮೇಲೆ ಇನ್ನೂ ಜಾಸ್ತಿಯಾಯಿತು. "ಆ ಪೊರ್ಬುಗಳು ಈಗ ಎಲ್ಲಿದ್ದಾರೆ?" ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಗೌರವದಿಂದ ಕರೆಯುವುದು ಹಾಗೆ. "ಒಮ್ಮೆ ಕರ್ಕೊಂಡು ಬಾ. ನನ್ನ ಮಗು ಅವತ್ತು ಉಂಡಿದ್ದನಾ ಅಂತ ಅವರಿಗೆ ಗೊತ್ತಿರ್ತದೆ. ನಾನು ಅವರಿಗೆ ಬೈಲಿಕ್ಕಿಲ್ಲ. ಅದೊಂದು ಕೇಳಿ ಬಿಡ್ತೇನೆ." ಅವರು ಸೌದಿಯಲ್ಲೇ ಇದ್ದಾರೆ, ರಜೆ ಸಿಗುವುದಿಲ್ಲ ಅಂದೆ. ಆಗ ಅವರು ಎರಡು ಗಂಟೆ ಬಸ್ಸಿನ ದೂರದಲ್ಲಿ ಮನೆಯಲ್ಲೇ ಕೂತಿದ್ದರು. ಬೇಡ ಅಂದವನು ನಾನು ಅಂತ ಅವಳಿಗೆ ಹೇಳುವ ಧೈರ್ಯ ಬರಲಿಲ್ಲ. ಮುಂದಿನ ಸಲ ಹೇಳುತ್ತೇನೆ, ಮುಂದಿನ ಸಲ ಕರೆದು ತರುತ್ತೇನೆ ಅಂತ ತಳ್ಳುತ್ತಾ ಹೋದೆ. ಎರಡು ವರ್ಷದ ಹಿಂದೆ ಉಮ್ಮ ಹೋದಳು.

ಸರ್ ತೀರಿದ ಸುದ್ದಿ ಬಂದ ಮೇಲೆ ರಜೆ ಹಾಕಿ ಊರಿಗೆ ಹೋದೆ, ಅವರ ಮನೆ ಹುಡುಕಿಕೊಂಡು ಹೋದೆ. ಸಣ್ಣ ಹಂಚಿನ ಮನೆ, ಅಂಗಳದಲ್ಲಿ ಮಲ್ಲಿಗೆ ಚಪ್ಪರ. ಅವರ ಹೆಂಡತಿ ಬಾಗಿಲು ತೆಗೆದರು. ದಮ್ಮಾಮಿನಲ್ಲಿ ಸರ್ ಜೊತೆ ಕೆಲಸ ಮಾಡುತ್ತಿದ್ದೆ ಅಂದೆ. ಹೆಸರು ಹೇಳಲಿಲ್ಲ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

"ರಫೀಕನ ಅಣ್ಣ ಅಲ್ವಾ? ಒಳಗೆ ಬಾ ಮಗ."

ಕೂತೆ. ಚಹಾ ಬಂತು. ಅವರೇ ಮೊದಲು ಕೇಳಿದರು. "ತಾಯಿ ಹೇಗಿದ್ದಾರೆ?"

"ಹೋದರು ಬಾಯಮ್ಮ. ಎರಡು ವರ್ಷ ಆಯ್ತು."

ಆಕೆ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. "ಇವರಿಗೆ ಗೊತ್ತೇ ಇರ್ಲಿಲ್ಲ. ಪ್ರತಿ ವರ್ಷ ರಂಜಾನ್ ಬಂದರೆ ಒಂದು ಸಲ ಏಳ್ತಿದ್ದರು, ಬಂಟ್ವಾಳಕ್ಕೆ ಹೋಗಿ ಬರ್ತೇನೆ ಅಂತ. ಅಂಗಿ ಹಾಕಿ ರೆಡಿ ಆಗಿ, ಪುನಃ ಕೂತ್ಕೊಳ್ತಿದ್ದರು. ಹೋಗಿ ಬನ್ನಿ, ಹೆಚ್ಚೆಂದರೆ ಎಂತ ಮಾಡಿಯಾರು, ಬೈದಾರು ಅಂತ ನಾನೇ ಹೇಳಿದೆ. ಅದಕ್ಕೆ ಅವರು ಎಂತ ಹೇಳಿದರು ಗೊತ್ತುಂಟಾ? ಅವನು ಬೇಡ ಅಂದಿದ್ದಾನೆ. ತಮ್ಮ ಬೇಡ ಅಂದಾಗ ನಾನು ಕೇಳ್ಲಿಲ್ಲ. ಅಣ್ಣನ ಮಾತಾದರೂ ಕೇಳ್ತೇನೆ ಅಂತ."

ಹೊರಗೆ ಯಾರೋ ಗೇಟಿನಿಂದ ಕರೆದರು, ಆಕೆ ಎದ್ದು ಹೋಗಿ ಬಂದರು. ಅಷ್ಟರಲ್ಲಿ ನಾನು ಮುಖ ಒರೆಸಿಕೊಂಡಿದ್ದೆ. ಕೇಳಬಾರದೆಂದುಕೊಂಡೇ ಬಂದಿದ್ದೆ. ಕೇಳಿದೆ.

"ಆ ದಿನ ಮಧ್ಯಾಹ್ನ ಅವರಿಬ್ಬರೂ ಊಟ ಮಾಡಿದ್ದರಾ ಬಾಯಮ್ಮ? ಸರ್ ಏನಾದರೂ ಹೇಳಿದ್ದರಾ?"

ಆಕೆ ಬಹಳ ಹೊತ್ತು ಯೋಚಿಸಿದರು. ನೆನಪಿಸಿಕೊಳ್ಳಲು ನಿಜವಾಗಿಯೂ ಪ್ರಯತ್ನಿಸುತ್ತಿದ್ದಾರೆ ಅಂತ ಕಾಣುತ್ತಿತ್ತು.

"ಇಲ್ಲ ಮಗ. ಅಷ್ಟು ಬಿಟ್ಟರೆ ಆ ದಿನದ ಮಾತು ಅವರು ಮನೆಯಲ್ಲಿ ಯಾವತ್ತೂ ಎತ್ತಲಿಲ್ಲ. ಅದನ್ನು ನೀನು ಅವರ ಹತ್ತಿರವೇ ಕೇಳಬೇಕಿತ್ತು."

ಒಂದು ವರ್ಷ ಅವರು ನನ್ನ ಎದುರಿಗೇ ಕೂತಿದ್ದರು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ.